ಎಡಗಾಲಿನ ಕಿಕ್ ಬರುತ್ತಿಲ್ಲವೇ? ಮೊದಲು ಬಲಗಾಲು ನೋಡಿ

ಯಾವ ಕರಾಟೆ ಕ್ಲಾಸಿಗೆ ಹೋಗಿ ನಿಂತರೂ ಇದು ಕಾಣುತ್ತದೆ. ಬಲಗಾಲಿನ ಮಾವಾಶಿ ಗೇರಿ (ಪಕ್ಕದಿಂದ ಸುತ್ತಿ ಬೀಸುವ ಕಿಕ್) ಎದುರಿನವರ ಕಿವಿ ಮಟ್ಟಕ್ಕೆ ಸಲೀಸಾಗಿ ಏರುತ್ತದೆ. ಮಾಸ್ಟರ್ "ಕಾಲು ಬದಲಿಸಿ" ಅಂದ ತಕ್ಷಣ ಅದೇ ಹುಡುಗ ಬೇರೆ ಯಾರೋ ಆಗಿಬಿಡುತ್ತಾನೆ. ಕಿಕ್ ಸೊಂಟ ದಾಟುವುದಿಲ್ಲ. ಮೈ ಹಿಂದಕ್ಕೆ ವಾಲುತ್ತದೆ. ಕೈಗಳು ಮುಖ, ಎದೆ ಕಾಯುವ ಗಾರ್ಡ್ ಬಿಟ್ಟು ಗಾಳಿಯಲ್ಲಿ ಆಡುತ್ತವೆ. ಕಾಲು ದೊಪ್ಪನೆ ನೆಲಕ್ಕೆ ಬೀಳುತ್ತದೆ. ಆಮೇಲೆ ಬರುವ ಮಾತು ಒಂದೇ: "ನನ್ನ ಎಡಗಾಲಿಗೆ ಶಕ್ತಿ ಇಲ್ಲ ಸರ್."

ನನ್ನ ಪ್ರಕಾರ ಹೆಚ್ಚಿನವರ ವಿಷಯದಲ್ಲಿ ಈ ಮಾತು ತಪ್ಪು. ಎಡಗಾಲು ಒದೆಯುವಾಗ ಇಡೀ ಮೈಯ ಭಾರ ಹೊರುವುದು ಬಲಗಾಲು. ಯೋಚಿಸಿ ನೋಡಿ, ಚಿಕ್ಕಂದಿನಿಂದ ಚೆಂಡು ಒದ್ದಿದ್ದು ಬಲಗಾಲಿನಲ್ಲಿ. ಅಷ್ಟೂ ಹೊತ್ತು ನಿಂತಿದ್ದು ಎಡಗಾಲಿನ ಮೇಲೆ. ಅಂದರೆ ಎಡಗಾಲು ನಿಲ್ಲುವುದನ್ನು ಕಲಿತಿದೆ, ಬಲಗಾಲು ಒದೆಯುವುದನ್ನು ಕಲಿತಿದೆ. ಕಾಲು ಬದಲಿಸಿದಾಗ ಎರಡೂ ಕಾಲಿಗೆ ಒಟ್ಟಿಗೆ ಗೊತ್ತಿಲ್ಲದ ಕೆಲಸ ಬೀಳುತ್ತದೆ. ಒದೆಯುವ ಕಾಲನ್ನು ಎಲ್ಲರೂ ನೋಡುತ್ತಾರೆ, ತಿದ್ದುತ್ತಾರೆ. ನಿಂತ ಕಾಲಿನ ಕಡೆ ಕಣ್ಣು ಹೋಗುವುದೇ ಕಡಿಮೆ.

ಇಲ್ಲಿ ಬಲಗೈ-ಬಲಗಾಲಿನವರನ್ನು ಮನಸ್ಸಲ್ಲಿಟ್ಟುಕೊಂಡು ಬರೆದಿದ್ದೇನೆ. ಜನರಲ್ಲಿ ನೂರಕ್ಕೆ ಸುಮಾರು 90 ಮಂದಿ ಬಲಗೈಯವರೇ. ಎಡಗೈಯವರು ಎಡ-ಬಲ ಅದಲುಬದಲು ಮಾಡಿ ಓದಿಕೊಳ್ಳಿ. ಉದಾಹರಣೆಗೆ ಮಾವಾಶಿ ಗೇರಿಯನ್ನು ಹಿಡಿದಿದ್ದೇನೆ. ಟೇಕ್ವಾಂಡೋದ ದೊಲ್ಯೊ ಚಾಗಿಗೂ ಕಿಕ್‌ಬಾಕ್ಸಿಂಗ್‌ನ ರೌಂಡ್‌ಹೌಸ್‌ಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ಮೊದಲ ಹೆಜ್ಜೆ: ಕೊರತೆ ಎಲ್ಲಿದೆ ಅಂತ ಪತ್ತೆ ಮಾಡಿ

ಇದನ್ನು ಬಿಟ್ಟು ನೇರವಾಗಿ ದಿನಕ್ಕೆ ನೂರು ಎಡಗಾಲಿನ ಕಿಕ್ ಹೊಡೆಯಲು ಶುರು ಮಾಡುವವರು ಜಾಸ್ತಿ. ನೂರು ಸಲ ತಪ್ಪು ಮಾಡಿದರೆ ತಪ್ಪೇ ಗಟ್ಟಿಯಾಗುತ್ತದೆ, ಅಲ್ವಾ? ಮೊದಲು ಒಂದು ಸಂಜೆ ಪರೀಕ್ಷೆಗೆ ಇಡಿ.

ಫೋನನ್ನು ಸೊಂಟದ ಎತ್ತರದಲ್ಲಿ ನಿಲ್ಲಿಸಿ. ಬಲಗಾಲಿನಲ್ಲಿ ಐದು ಕಿಕ್, ಎಡಗಾಲಿನಲ್ಲಿ ಐದು ಕಿಕ್ ರೆಕಾರ್ಡ್ ಮಾಡಿ. ಆಮೇಲೆ ಬಲಗಾಲಿನ ವಿಡಿಯೋವನ್ನು ಫೋನಿನಲ್ಲೇ ಎಡ-ಬಲ ತಿರುಗಿಸಿ. ಬಹಳಷ್ಟು ಎಡಿಟಿಂಗ್ ಆ್ಯಪ್‌ಗಳಲ್ಲಿ ಈ ಸೌಲಭ್ಯ ಇರುತ್ತದೆ. ಈಗ ಎರಡೂ ಎಡಗಾಲಿನ ಕಿಕ್ಕಿನಂತೆ ಕಾಣುತ್ತವೆ. ಒಂದರ ಪಕ್ಕ ಒಂದಿಟ್ಟು, ನಿಧಾನಗತಿಯಲ್ಲಿ ನೋಡಿ. ಒದೆಯುವ ಕಾಲನ್ನು ಆಮೇಲೆ ನೋಡುವಿರಂತೆ. ಮೊದಲು ನಿಂತ ಕಾಲಿನ ಹಿಮ್ಮಡಿ ಎಷ್ಟು ತಿರುಗಿದೆ ಅಂತ ಗಮನಿಸಿ. ಪಳಗಿದ ಬದಿಯಲ್ಲಿ ಅದು ಎದುರಾಳಿಯ ಕಡೆ ಮುಖ ಮಾಡಿರುತ್ತದೆ. ಪಳಗದ ಬದಿಯಲ್ಲಿ ಅರ್ಧಕ್ಕೇ ನಿಂತಿರುತ್ತದೆ. ಹಿಮ್ಮಡಿ ನಿಂತರೆ ಸೊಂಟ ನಿಲ್ಲುತ್ತದೆ. ಸೊಂಟ ನಿಂತರೆ ಕಿಕ್ ಮೇಲೇರುವುದಿಲ್ಲ.

ಇನ್ನೊಂದು ಪರೀಕ್ಷೆ ಗೋಡೆ ಹಿಡಿದು ಮಾಡುವುದು. ಗೋಡೆಗೆ ಒಂದು ಕೈ ಕೊಟ್ಟು, ಒಂದು ಕಾಲನ್ನು ಪಕ್ಕಕ್ಕೆ ನಿಧಾನವಾಗಿ ಎತ್ತಿ. ಬೀಸಬಾರದು. ಎಷ್ಟು ಎತ್ತರಕ್ಕೆ ಬಂತು ಅಂತ ಗುರುತು ಹಾಕಿಕೊಳ್ಳಿ. ಈಗ ಅದೇ ಕಾಲನ್ನು ಗೆಳೆಯನೊಬ್ಬ ಮೆಲ್ಲಗೆ ಕೈಯಿಂದ ಎತ್ತಲಿ. ಹೀಗೆ ಎರಡೂ ಕಾಲಿಗೆ ಮಾಡಿ.

ಗೆಳೆಯ ಎತ್ತಿದರೂ ಎಡಗಾಲು ಬಲಗಾಲಿನಷ್ಟು ಏರದಿದ್ದರೆ ಬಿಗಿತ ಇದೆ. ಅದಕ್ಕೆ ಸ್ಟ್ರೆಚಿಂಗ್ ಬೇಕು. ಅವನು ಎತ್ತಿದರೆ ಎರಡೂ ಸಮ, ನೀವೇ ಎತ್ತಿದರೆ ಎಡಗಾಲು ಕೆಳಗೆ ಉಳಿಯುತ್ತದೆ ಅಂದರೆ ಆಗ ಮಾತ್ರ ಅದು ಶಕ್ತಿಯ ಕೊರತೆ. ಎರಡೂ ಪರೀಕ್ಷೆಯಲ್ಲಿ ಕಾಲುಗಳು ಹೆಚ್ಚುಕಡಿಮೆ ಸಮವಾಗಿದ್ದು, ಗೋಡೆ ಬಿಟ್ಟು ಒದ್ದಾಗ ಮಾತ್ರ ಕೆಡುತ್ತಿದ್ದರೆ ತೊಂದರೆ ಬ್ಯಾಲೆನ್ಸಿನಲ್ಲೋ ಚಲನೆಯ ಕ್ರಮದಲ್ಲೋ ಇದೆ. ನಾನು ನೋಡಿದವರಲ್ಲಿ ಹೆಚ್ಚಿನವರು ಈ ಮೂರನೇ ಗುಂಪಿನವರು.

ನೋವಿದ್ದರೆ ಕಥೆ ಬೇರೆ. ಹಳೇ ಉಳುಕು, ಮಂಡಿ ಪೆಟ್ಟು, ತೊಡೆಸಂದಿಯಲ್ಲಿ ಚುಚ್ಚುವ ನೋವು ಇದ್ದರೆ ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಮುಂದಿನ ಹೆಜ್ಜೆಗಳು ಅಲ್ಲಿಯವರೆಗೆ ಕಾಯಲಿ.

ಎರಡನೇ ಹೆಜ್ಜೆ: ನಿಂತ ಕಾಲಿಗೆ ಪಾಠ

ಮೊದಲ ಎರಡು ವಾರ ಎಡಗಾಲಿನ ಕಿಕ್ ಎತ್ತರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬಲಗಾಲನ್ನು ನಿಲ್ಲಿಸುವುದಷ್ಟೇ ಕೆಲಸ.

ಬಲಗಾಲಿನ ಮೇಲೆ ನಿಂತು, ಎಡ ಮಂಡಿಯನ್ನು ಸೊಂಟದ ಮಟ್ಟಕ್ಕೆ ಎತ್ತಿ, ಕೈ ಗಾರ್ಡಿನಲ್ಲಿಟ್ಟು 30 ಸೆಕೆಂಡ್ ನಿಲ್ಲಿ. ನಿಂತ ಕಾಲಿನ ಮಂಡಿ ತುಸು ಬಾಗಿರಲಿ. ಬಿಗಿಯಾಗಿ ನೆಟ್ಟಗೆ ಮಾಡಿದರೆ ಅದು ಬ್ಯಾಲೆನ್ಸ್ ಅಲ್ಲ, ಮೂಳೆಯ ಮೇಲೆ ಒರಗಿದ್ದು ಅಷ್ಟೇ. ಪಾದದ ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ, ಈ ಮೂರೂ ನೆಲಕ್ಕೆ ತಾಗಿರಬೇಕು. ಇದು ಸುಲಭವಾದ ಮೇಲೆ ತಲೆಯನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಿ. ಕೊನೆಗೆ ಕಣ್ಣು ಮುಚ್ಚಿ. ಕಣ್ಣು ಮುಚ್ಚಿದಾಗ ಹತ್ತು ಸೆಕೆಂಡ್ ನಿಲ್ಲುವುದೂ ಕಷ್ಟ. ಗೋಡೆ ಕೈಗೆ ಸಿಗುವಷ್ಟು ಹತ್ತಿರ ಇರಲಿ.

ಆಮೇಲೆ ತಿರುಗುವುದು. ಕಿಕ್ ಬೇಡ, ಸುಮ್ನೆ ತಿರುಗಿ. ಎಡ ಮಂಡಿ ಎತ್ತಿದ ಹಾಗೇ ಬಲ ಹಿಮ್ಮಡಿಯನ್ನು ಸ್ವಲ್ಪ ಹಗುರ ಮಾಡಿ. ಪಾದದ ಮುಂಭಾಗದ ಮೇಲೆ ತಿರುಗಿ ಹಿಮ್ಮಡಿಯನ್ನು ಎದುರಿಗೆ ತನ್ನಿ. ಸೊಂಟ ತಾನಾಗಿ ಮಗುಚಿಕೊಳ್ಳುತ್ತದೆ. ಎಷ್ಟು ತಿರುಗಬೇಕು ಎನ್ನುವುದರಲ್ಲಿ ಒಂದೊಂದು ಶೈಲಿಗೆ ಒಂದೊಂದು ಲೆಕ್ಕ ಇದೆ, ನಿಮ್ಮ ಮಾಸ್ಟರ್ ಹೇಳಿದಷ್ಟು ತಿರುಗಿ. ಮಂಡಿಯೂ ಪಾದದ ಬೆರಳುಗಳೂ ಒಟ್ಟಿಗೆ ತಿರುಗಬೇಕು ಅನ್ನುವುದು ಮಾತ್ರ ಎಲ್ಲರಿಗೂ ಒಂದೇ. ಪಾದ ನೆಲಕ್ಕೆ ಅಂಟಿಕೊಂಡು ಮೇಲಿನ ಮೈ ಮಾತ್ರ ತಿರುಗಿದರೆ ಆ ತಿರುಚು ನೇರ ಮಂಡಿಗೆ ಹೋಗುತ್ತದೆ.

ನೆಲದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಜೋಡಿಸುವ ಫೋಮ್ ಮ್ಯಾಟ್ ಬರಿಗಾಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬೆವರಿದ ಪಾದವಾದರೆ ಇನ್ನೂ ಜಾಸ್ತಿ. ನುಣುಪಾದ ಟೈಲ್ಸ್ ಅಥವಾ ರೆಡ್ ಆಕ್ಸೈಡ್ ನೆಲದಲ್ಲಿ ಇದರ ಉಲ್ಟಾ, ತಿರುಗುವುದು ಸುಲಭ, ಜಾರುವುದೂ ಸುಲಭ. ಮನೆಯ ಟೈಲ್ಸ್ ಮೇಲೆ ಕಲಿತ ತಿರುವು ಕ್ಲಾಸಿನ ಮ್ಯಾಟಿನಲ್ಲಿ ಕೈಕೊಡಬಹುದು. ಹಾಗಾಗಿ ಎರಡೂ ಕಡೆ ನಿಧಾನವಾಗಿ ಅಭ್ಯಾಸ ಮಾಡಿ. ಮನೆಯಲ್ಲಿ ಸಾಕ್ಸ್ ಹಾಕಿ ಒದೆಯುವುದು ಬೇಡವೇ ಬೇಡ.

ಮೂರನೇ ಹೆಜ್ಜೆ: ಕಿಕ್ಕನ್ನು ಬಿಡಿಬಿಡಿಯಾಗಿ ಬಿಚ್ಚಿ

ಮಂಡಿ ಎತ್ತು. ತಿರುಗು. ಕಾಲು ಬಿಡು. ಕಾಲು ಮಡಚು. ಇಳಿಸು. ಐದು ತುಂಡು. ಪಳಗಿದ ಬದಿಯಲ್ಲಿ ಈ ಐದೂ ಒಂದಕ್ಕೊಂದು ಬೆಸೆದುಕೊಂಡಿವೆ, ನಿಮಗೆ ಅವು ಬೇರೆ ಬೇರೆ ಅಂತಲೇ ಗೊತ್ತಾಗುವುದಿಲ್ಲ. ಹಾಗಾಗಿ "ಬಲಗಾಲಿನ ಹಾಗೆ ಎಡಗಾಲಿನಲ್ಲೂ ಮಾಡು" ಅಂದರೆ ಉಪಯೋಗವಿಲ್ಲ. ಬಲಗಾಲು ಹೇಗೆ ಮಾಡುತ್ತದೆ ಅಂತ ನಿಮಗೇ ಗೊತ್ತಿಲ್ಲ.

ಅದಕ್ಕೆ ಹೀಗೆ ಮಾಡಿ. ಮೊದಲು ಬಲಗಾಲಿನಲ್ಲಿ ಒಂದೇ ಒಂದು ಕಿಕ್ಕನ್ನು ಹತ್ತು ಸೆಕೆಂಡ್ ಎಳೆದು, ಪ್ರತಿ ತುಂಡನ್ನೂ ಬಾಯಲ್ಲಿ ಹೇಳುತ್ತಾ ಮಾಡಿ. ಕೈ ಎಲ್ಲಿದೆ, ಭುಜ ಎತ್ತ ತಿರುಗಿದೆ, ಉಸಿರು ಯಾವಾಗ ಬಿಟ್ಟಿರಿ, ಭಾರ ಪಾದದ ಯಾವ ಭಾಗದಲ್ಲಿದೆ ಅಂತ ಗಮನಿಸಿ. ತಕ್ಷಣ ಎಡಗಾಲಿನಲ್ಲಿ ಅದೇ ನಿಧಾನದಲ್ಲಿ ಮೂರು ಸಲ. ಮತ್ತೆ ಬಲಕ್ಕೆ ಒಂದು, ಎಡಕ್ಕೆ ಮೂರು. ಸೊಂಟದ ಮಟ್ಟಕ್ಕಿಂತ ಎತ್ತರಕ್ಕೆ ಹೋಗಬೇಡಿ. ನಿಧಾನ ಮಾಡಿದಾಗ ಬಲಗಾಲಿನ ತಪ್ಪುಗಳೂ ಹೊರಬರುತ್ತವೆ. ವೇಗದಲ್ಲಿ ಮುಚ್ಚಿಹೋಗಿದ್ದ ಒಂದಾದರೂ ಗುಟ್ಟು ಸಿಗದೆ ಇರುವುದಿಲ್ಲ.

ಒಂದು ಬದಿಗೆ ಕೊಟ್ಟ ತರಬೇತಿ ಇನ್ನೊಂದು ಬದಿಗೂ ಸ್ವಲ್ಪ ಸೋರಿಹೋಗುತ್ತದೆ ಅನ್ನುವುದು ಹಳೆಯ ಸಂಗತಿ. 1894ರಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಸ್ಕ್ರಿಪ್ಚರ್ ಮತ್ತು ಅವರ ಜೊತೆಗಾರರು ಇದನ್ನು ವರದಿ ಮಾಡಿದ್ದರು. ಒಂದು ಕೈಗೆ ಮಾತ್ರ ವ್ಯಾಯಾಮ ಕೊಟ್ಟರೂ ಇನ್ನೊಂದು ಕೈಯ ಬಲ ಹೆಚ್ಚಿತ್ತು. ಸ್ನಾಯು ದಪ್ಪಗಾಗಿ ಅಲ್ಲ, ಮಿದುಳು ಮತ್ತು ನರಗಳು ಕಲಿತದ್ದರಿಂದ ಹೀಗಾಗುತ್ತದೆ. ಇದರ ನಿಜವಾದ ಪ್ರಯೋಜನ ಪೆಟ್ಟಾದಾಗ. ಒಂದು ಕಾಲಿಗೆ ಬ್ಯಾಂಡೇಜ್ ಬಿದ್ದಿದೆ ಅಂತ ಇನ್ನೊಂದು ಕಾಲಿನ ವ್ಯಾಯಾಮವನ್ನೂ ನಿಲ್ಲಿಸಬೇಡಿ, ಡಾಕ್ಟರ್ ಒಪ್ಪಿದರೆ ಮುಂದುವರಿಸಿ. ಹಾಗಂತ ಬಲಗಾಲನ್ನೇ ಪಳಗಿಸಿ ಎಡಗಾಲು ತಾನಾಗಿ ಸರಿಹೋಗಲಿ ಅಂತ ಕೂತರೆ ಆಗುವುದಿಲ್ಲ. ಸೋರುವುದು ಸ್ವಲ್ಪವೇ.

ಎಡಗೈಯಲ್ಲಿ ಹಲ್ಲುಜ್ಜಿ, ಎಡಗೈಯಲ್ಲಿ ಬಾಗಿಲು ತೆಗೆಯಿರಿ, ಆಗ ವೀಕ್ ಸೈಡ್ ಸುಧಾರಿಸುತ್ತದೆ ಅನ್ನುವ ಸಲಹೆ ತುಂಬಾ ಓಡಾಡುತ್ತದೆ. ಮಾಡಿದರೆ ನಷ್ಟವೇನಿಲ್ಲ. ಆದರೆ ಹಲ್ಲುಜ್ಜಿದರೆ ಹಲ್ಲುಜ್ಜುವುದು ಬರುತ್ತದೆ, ಕಿಕ್ ಬರುವುದಿಲ್ಲ. ಆ ಐದು ನಿಮಿಷವನ್ನು ಒಂಟಿಕಾಲಿನಲ್ಲಿ ನಿಲ್ಲುವುದಕ್ಕೆ ಕೊಡಿ. ಬೇಕಾದರೆ ಬಲಗೈಯಲ್ಲೇ ಹಲ್ಲುಜ್ಜುತ್ತಾ ಬಲಗಾಲಿನ ಮೇಲೆ ನಿಲ್ಲಿ, ಅದು ಹೆಚ್ಚು ಉಪಯೋಗ.

ನಾಲ್ಕನೇ ಹೆಜ್ಜೆ: ಲೆಕ್ಕವನ್ನೂ ಸರದಿಯನ್ನೂ ಬದಲಿಸಿ

ಕ್ಲಾಸಿನಲ್ಲಿ ಆಗುವುದನ್ನು ಗಮನಿಸಿ. ಸಾಮಾನ್ಯವಾಗಿ ಎಡಗಾಲು ಮುಂದಿಟ್ಟ ಕಾದಾಟದ ನಿಲುವಾದ ಕಮಾಯ್‌ನಿಂದ ಶುರು. ಇಚಿ, ನಿ, ಸಾನ್, ಶಿ ಅಂತ ಎಣಿಸುತ್ತಾ ಹಿಂದಿನ ಬಲಗಾಲಿನಲ್ಲಿ ಹತ್ತು ಕಿಕ್, ಇಪ್ಪತ್ತು ಕಿಕ್. ಮೈಯಲ್ಲಿ ಕಸುವಿದ್ದಾಗ, ಗಮನ ಇದ್ದಾಗ ಬಲಗಾಲಿನ ಪಾಳಿ. ಕಾಲು ಬದಲಿಸುವ ಹೊತ್ತಿಗೆ ಅರ್ಧ ಸುಸ್ತು. ಎಣಿಕೆ ಸಮ ಇದ್ದರೂ ಎಡಗಾಲಿಗೆ ಸಿಕ್ಕಿದ್ದು ಉಳಿಕೆ. ವರ್ಷಗಟ್ಟಲೆ ಹೀಗೇ ನಡೆದರೆ ಎರಡು ಕಾಲಿನ ನಡುವಿನ ಅಂತರ ಬೆಳೆಯದೆ ಇನ್ನೇನು?

ಕ್ಲಾಸಿನ ಕ್ರಮ ನಿಮ್ಮ ಕೈಯಲ್ಲಿಲ್ಲ. ಸ್ವಂತ ಅಭ್ಯಾಸದಲ್ಲಿ ಮಾತ್ರ ಯಾವಾಗಲೂ ಎಡಗಾಲೇ ಮೊದಲು. ವಾರ್ಮ್‌ಅಪ್ ಆದ ಕೂಡಲೇ, ಸುಸ್ತಾಗುವ ಮುಂಚೆ. ಎಡ, ಬಲ, ಎಡ ಅಂತ ಮೂರು ಸೆಟ್ ಮಾಡಿ. ಅಲ್ಲಿಗೆ ಎಡಗಾಲಿಗೆ ಎರಡು ಪಾಲು, ಬಲಗಾಲಿಗೆ ಒಂದು ಪಾಲು. ಒಂದು ಸೆಟ್ಟಿಗೆ ಎಂಟು ಅಥವಾ ಹತ್ತು ಕಿಕ್ ಸಾಕು. ರೂಪ ಕೆಟ್ಟ ತಕ್ಷಣ ನಿಲ್ಲಿಸಿ, ಆರನೆಯದಕ್ಕೇ ಕೆಟ್ಟರೆ ಆರಕ್ಕೇ ನಿಲ್ಲಿಸಿ. ಎಣಿಕೆ ಪೂರ್ತಿ ಮಾಡಬೇಕು ಅನ್ನುವ ಹಟ ಇಲ್ಲಿ ಕೆಲಸಕ್ಕೆ ಬಾರದು. ವಾರಕ್ಕೆ ಮೂರು ದಿನ, ದಿನಕ್ಕೆ 15-20 ನಿಮಿಷ, ಆರರಿಂದ ಎಂಟು ವಾರ.

ಉತ್ಸಾಹ ಬಂತು ಅಂತ ಮೊದಲ ವಾರವೇ ದುಪ್ಪಟ್ಟು ಮಾಡಬೇಡಿ. ತೊಡೆಸಂದಿಯ ಸ್ನಾಯು ಹಿಡಿದುಕೊಂಡರೆ ವಾರಗಟ್ಟಲೆ ಕಾಡುತ್ತದೆ. ಪಳಗದ ಬದಿಯ ಸ್ನಾಯುಗಳಿಗೆ ಈ ಕೆಲಸ ಹೊಸದು. ಬಲಗಾಲು ತಡೆದುಕೊಳ್ಳುವಷ್ಟನ್ನು ಅವು ಇನ್ನೂ ತಡೆಯಲಾರವು.

ಪರೀಕ್ಷೆಯಲ್ಲಿ ಶಕ್ತಿಯ ಕೊರತೆ ಕಂಡಿದ್ದರೆ ಇದರ ಜೊತೆ ಸ್ವಲ್ಪ ವ್ಯಾಯಾಮ ಸೇರಿಸಿ. ಮೆಟ್ಟಿಲ ಮೇಲೆ ಒಂದೇ ಕಾಲಿನಲ್ಲಿ ಹತ್ತಿ ಇಳಿಯುವುದು, ಒಂಟಿಕಾಲಿನಲ್ಲಿ ಕುರ್ಚಿಯ ಮೇಲೆ ಮೆಲ್ಲಗೆ ಕೂತು ಏಳುವುದು, ಗೋಡೆ ಹಿಡಿದು ಕಾಲನ್ನು ಪಕ್ಕಕ್ಕೆ ಎತ್ತಿ ಐದು ಸೆಕೆಂಡ್ ಹಿಡಿಯುವುದು. ಇಷ್ಟು ಸಾಕು, ಜಿಮ್ ಬೇಡ. ಸೋತ ಬದಿಯಿಂದ ಶುರು ಮಾಡಿ, ಅದು ಎಷ್ಟು ಮಾಡಿತೋ ಅಷ್ಟನ್ನೇ ಗೆದ್ದ ಬದಿಯಲ್ಲೂ ಮಾಡಿ. ನಮ್ಮ ಗರಡಿಗಳಲ್ಲಿ ಗದೆ ತಿರುಗಿಸುವವರು ಕೈ ಬದಲಿಸುತ್ತಾ ತಿರುಗಿಸುವುದನ್ನು ನೋಡಿರಬಹುದು. ಪಕ್ಕದ ಕೇರಳದ ಕಳರಿಪಯಟ್ಟಿನಲ್ಲೂ ಕಾಲೆತ್ತುವ ವ್ಯಾಯಾಮಗಳನ್ನು ಬಲಗಾಲು, ಎಡಗಾಲು ಅಂತ ಸರದಿಯಲ್ಲಿ ಮಾಡಿಸುತ್ತಾರೆ. ಸರದಿಯಲ್ಲಿ ಮಾಡಿದಾಗ ಎರಡು ಬದಿಗೂ ಸುಸ್ತು ಸಮವಾಗಿ ಹಂಚಿಹೋಗುತ್ತದೆ. ಒಂದು ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವುದಕ್ಕಿಂತ ಇದು ವಾಸಿ.

ಐದನೇ ಹೆಜ್ಜೆ: ಕತಾವನ್ನು ಕನ್ನಡಿಯಲ್ಲಿ ಮಾಡಿದ ಹಾಗೆ ಮಾಡಿ

ಇದು ನನಗೆ ತುಂಬಾ ಇಷ್ಟವಾದ ಅಭ್ಯಾಸ. ಕತಾ ಅಂದರೆ ಗೊತ್ತುಪಡಿಸಿದ ಕ್ರಮದಲ್ಲಿ ಒಬ್ಬರೇ ಮಾಡುವ ಚಲನೆಗಳ ಸರಣಿ. ಶೋಟೋಕಾನ್ ಶೈಲಿಯ ಕರಾಟೆ ಕಲಿತವರಿಗೆ ಹೇಯಾನ್ ಶೋದಾನ್ ಎಂಬ ಕತಾ ನಿದ್ದೆಯಲ್ಲೂ ಬರುತ್ತದೆ. 21 ಚಲನೆ, ಶುರುವಾಗುವುದು ಎಡಕ್ಕೆ ತಿರುಗಿ ಕೆಳಮಟ್ಟದ ತಡೆಯಾದ ಗೆದಾನ್ ಬರಾಯ್‌ನಿಂದ. ಅದನ್ನು ಬಲಕ್ಕೆ ತಿರುಗಿ ಶುರು ಮಾಡಿ. ಪ್ರತಿ ತಿರುವೂ ಪ್ರತಿ ಹೊಡೆತವೂ ಉಲ್ಟಾ. ಮೊದಲ ಸಲ ನಾಲ್ಕನೇ ಚಲನೆಗೇ ತಲೆ ಕೆಟ್ಟುಹೋಗುತ್ತದೆ. ಕಪ್ಪು ಬೆಲ್ಟಿನವರೂ ಮಕ್ಕಳಂತೆ ನಿಂತು ಬೆರಳು ಎಣಿಸುತ್ತಾರೆ.

ಕತಾ ಉಲ್ಟಾ ಮಾಡುವಾಗ ಮೈಗೆ ಅಭ್ಯಾಸಬಲ ಸಿಗುವುದಿಲ್ಲ, ಪ್ರತಿ ಹೆಜ್ಜೆಯನ್ನೂ ಯೋಚಿಸಿಯೇ ಇಡಬೇಕು. ಎಡ-ಬಲದ ವ್ಯತ್ಯಾಸ ಕಾಲಿನಲ್ಲಿ ಮಾತ್ರವಲ್ಲ, ತಿರುಗುವ ದಿಕ್ಕಿನಲ್ಲೂ ಇದೆ ಅಂತ ಗೊತ್ತಾಗುವುದು ಇಲ್ಲೇ. ಕೆಲವರಿಗೆ ಎಡಕ್ಕೆ ತಿರುಗುವುದು ಸಲೀಸು, ಬಲಕ್ಕೆ ತಿರುಗಿದರೆ ತೂಗಾಡುತ್ತಾರೆ. ಮಾಸ್ಟರ್ ಹತ್ತಿರ ಮೊದಲೇ ಹೇಳಿ ಮಾಡಿ. ಬೆಲ್ಟ್ ಪರೀಕ್ಷೆ ಹತ್ತಿರ ಇದ್ದರೆ ಮಾತ್ರ ಬಿಟ್ಟುಬಿಡಿ, ಪರೀಕ್ಷೆಯ ದಿನ ಯಾವ ಕಡೆ ತಿರುಗಬೇಕು ಅಂತ ಗೊಂದಲವಾದರೆ ಚೆನ್ನಾಗಿರುವುದಿಲ್ಲ.

ಆರನೇ ಹೆಜ್ಜೆ: ಜೊತೆಗಾರನ ಎದುರು

ಗಾಳಿಯಲ್ಲಿ ಚೆನ್ನಾದ ಕಿಕ್ ಪ್ಯಾಡಿಗೆ ತಾಗಿದಾಗ ಮತ್ತೆ ಕೆಡುತ್ತದೆ. ತಾಗಿದ ರಭಸ ನಿಂತ ಕಾಲಿಗೆ ವಾಪಸ್ ಬರುತ್ತದಲ್ಲ, ಅದಕ್ಕೆ. ಆದ್ದರಿಂದ ಮೊದಲು ಅರ್ಧ ಬಲದಲ್ಲಿ ಪ್ಯಾಡಿಗೆ ಒದೆಯಿರಿ. ಒದ್ದ ಮೇಲೆ ಕಾಲು ಮಡಚಿ ಒಂದು ಕ್ಷಣ ಒಂಟಿಕಾಲಿನಲ್ಲಿ ನಿಂತು, ಆಮೇಲೆ ಇಳಿಸಿ. ಆ ಒಂದು ಕ್ಷಣ ನಿಲ್ಲಲಾಗದಿದ್ದರೆ ಇನ್ನೂ ಬಲ ಹಾಕುವ ಸಮಯ ಬಂದಿಲ್ಲ.

ನಂತರ ಸ್ಪಾರಿಂಗ್, ಅಂದರೆ ಅಭ್ಯಾಸದ ಕಾದಾಟ. ಜೊತೆಗಾರನಿಗೆ ಮೊದಲೇ ಹೇಳಿ: "ಈ ರೌಂಡಿನಲ್ಲಿ ನಾನು ಎಡಗಾಲು ಮಾತ್ರ ಬಳಸುತ್ತೇನೆ, ನಿಧಾನಕ್ಕೆ ಆಡೋಣ." ಎರಡು ನಿಮಿಷದ ರೌಂಡ್, ಅರ್ಧ ವೇಗ. ಅವನಿಗೂ ಅಭ್ಯಾಸ. ನಿಮ್ಮ ಅಹಂಕಾರಕ್ಕೆ ಸ್ವಲ್ಪ ಪೆಟ್ಟು ಬೀಳುತ್ತದೆ, ಕಿರಿಯ ಬೆಲ್ಟಿನವರು ಪಾಯಿಂಟ್ ತೆಗೆಯುತ್ತಾರೆ. ತೆಗೆಯಲಿ ಬಿಡಿ.

ಇಲ್ಲಿ ಎರಡು ದಾರಿ ಇವೆ. ಒಂದು, ಬಲಗಾಲು ಮುಂದಿಟ್ಟು ನಿಂತು ಹಿಂದಿನ ಎಡಗಾಲಿನಲ್ಲಿ ಒದೆಯುವುದು. ಇದರಲ್ಲಿ ಬಲ ಜಾಸ್ತಿ, ಆದರೆ ಇಡೀ ನಿಲುವೇ ಹೊಸದು. ದೂರದ ಅಂದಾಜು ತಪ್ಪುತ್ತದೆ, ಎದುರಾಳಿಯ ಮುಂಗಾಲಿಗೆ ನಿಮ್ಮ ಮುಂಗಾಲು ತಾಕುತ್ತದೆ. ಇನ್ನೊಂದು, ನಿಮ್ಮ ಮಾಮೂಲಿ ನಿಲುವಿನಲ್ಲೇ ಇದ್ದು ಮುಂದಿರುವ ಎಡಗಾಲಿನಿಂದಲೇ ಒದೆಯುವುದು. ಹೆಚ್ಚಿನವರು ಇದನ್ನು ಮರೆಯುತ್ತಾರೆ. ಎದುರಾಳಿಗೆ ಹತ್ತಿರ ಇರುವುದು ಆ ಎಡಗಾಲೇ! ಕುಮಿತೆಯಲ್ಲಿ (ಕರಾಟೆಯ ಕಾದಾಟದ ಸ್ಪರ್ಧೆಯಲ್ಲಿ) ಮುಂಗಾಲಿನ ಮಾವಾಶಿಗೆ ಇಷ್ಟು ಬೆಲೆ ಬಂದಿರುವುದು ಈ ಕಾರಣಕ್ಕೆ. ವಿಶ್ವ ಕರಾಟೆ ಫೆಡರೇಶನ್ ನಿಯಮದಲ್ಲಿ ಮೈಗೆ ಬಿದ್ದ ಕಿಕ್ಕಿಗೆ 2 ಪಾಯಿಂಟ್, ತಲೆ ಮಟ್ಟದ ಕಿಕ್ಕಿಗೆ 3. ಬಲಗಾಲೋ ಎಡಗಾಲೋ ಅಂತ ರೆಫರಿ ನೋಡುವುದಿಲ್ಲ. ನನ್ನನ್ನು ಕೇಳಿದರೆ ಮುಂಗಾಲಿನಿಂದ ಶುರು ಮಾಡಿ, ನಿಲುವು ಬದಲಿಸುವುದನ್ನು ಎರಡನೇ ತಿಂಗಳಿಗೆ ಇಡಿ.

ಕಿಕ್‌ಬಾಕ್ಸಿಂಗ್ ಮಾಡುವವರಿಗೆ ಇನ್ನೂ ಒಂದು ಲಾಭ ಇದೆ. ಯಕೃತ್ತು ಇರುವುದು ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬಿನ ಕೆಳಗೆ. ನಿಮ್ಮ ಎಡಗಾಲಿನ ರೌಂಡ್‌ಹೌಸ್ ಹೋಗಿ ಬೀಳುವುದು ಎದುರಾಳಿಯ ಬಲ ಪಕ್ಕೆಗೆ. ಅಲ್ಲಿ ಸರಿಯಾಗಿ ಬಿದ್ದ ಒಂದು ಪೆಟ್ಟು ಆಟ ಮುಗಿಸುತ್ತದೆ. ಹಾಗಾಗಿ ಅಭ್ಯಾಸದಲ್ಲಿ ಆ ಜಾಗಕ್ಕೆ ಬಲ ಹಾಕಬೇಡಿ.

ಎರಡೂ ಬದಿ ಸಮ ಆಗಲೇಬೇಕೇ?

ಬೇಡ. ಇದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಅಮೆರಿಕದ ಬಿಲ್ ವಾಲೇಸ್‌ಗೆ ಜೂಡೊ ಆಡುವಾಗ ಬಲ ಮಂಡಿಗೆ ಪೆಟ್ಟಾಗಿತ್ತು. ಆಮೇಲೆ ಅವರು ಎಡಬದಿಯನ್ನು ಮುಂದಿಟ್ಟು, ಎಡಗಾಲು ಒಂದರಿಂದಲೇ ಒದೆಯುತ್ತಾ ಫುಲ್ ಕಾಂಟ್ಯಾಕ್ಟ್ ಕರಾಟೆಯ ಮಿಡಲ್‌ವೇಟ್ ಚಾಂಪಿಯನ್ ಆದರು. 1980ರಲ್ಲಿ ಸೋಲದೆಯೇ ನಿವೃತ್ತರಾದರು. ಯಾವ ಕಾಲು ಬರುತ್ತದೆ ಅಂತ ಎದುರಾಳಿಗೆ ಗೊತ್ತಿತ್ತು. ಆದರೂ ತಡೆಯಲಾಗಲಿಲ್ಲ. ಜೂಡೊದಲ್ಲಿ ಸತತ 203 ಪಂದ್ಯ ಸೋಲದ, 1984ರ ಒಲಿಂಪಿಕ್ ಚಿನ್ನ ಗೆದ್ದ ಯಾಸುಹಿರೊ ಯಮಾಶಿತಾ ಎಡ ಹಿಡಿತದ ಆಟಗಾರ. ಹಿಡಿದು ಎಸೆಯುವ ವಿದ್ಯೆಗಳಲ್ಲಿ, ಅಂದರೆ ಜೂಡೊ, ಕುಸ್ತಿಯಲ್ಲಿ, ಒಂದು ಬದಿಯ ಪಟ್ಟುಗಳನ್ನು ಹರಿತ ಮಾಡಿಕೊಳ್ಳುವುದೇ ಜಾಣತನ. ಇನ್ನೊಂದು ಬದಿಗೆ ಒಂದೋ ಎರಡೋ ಪಟ್ಟು ಸಾಕು. ಎದುರಾಳಿ ನಿಮ್ಮ ಪಳಗಿದ ಬದಿಯನ್ನು ಕಟ್ಟಿಹಾಕಿದಾಗ ಅವು ಬೇಕಾಗುತ್ತವೆ.

ಇನ್ನೊಂದು ಕಡೆ ಟೆರೆನ್ಸ್ ಕ್ರಾಫರ್ಡ್ ಅಂಥವರಿದ್ದಾರೆ. ಹುಟ್ಟಾ ಬಲಗೈಯವರು, ಆದರೆ ಬಾಕ್ಸಿಂಗ್ ರಿಂಗಿನಲ್ಲಿ ಬಹುಪಾಲು ಎಡಗೈ ನಿಲುವಿನಲ್ಲೇ ಆಡುತ್ತಿದ್ದರು, ನಡುವೆ ಬದಲಿಸುತ್ತಿದ್ದರು. ಅಂಥದ್ದಕ್ಕೆ ಚಿಕ್ಕ ವಯಸ್ಸಿನಿಂದ ಸಾವಿರಾರು ಗಂಟೆ ಬೇಕು. ಕೆಲಸ ಮುಗಿಸಿ ಸಂಜೆ ಕ್ಲಾಸಿಗೆ ಹೋಗುವ ನಮ್ಮಂಥವರಿಗೆ ಗುರಿ ಸಣ್ಣದಿರಲಿ. ಎಡಗಾಲಿನಲ್ಲಿ ನಂಬಬಹುದಾದ ಎರಡು ಕಿಕ್: ಒಂದು ಮಾಯೆ ಗೇರಿ (ನೇರ ಮುಂದಕ್ಕೆ ಒದೆಯುವುದು), ಒಂದು ಸೊಂಟದ ಎತ್ತರದ ಮಾವಾಶಿ. ಅಷ್ಟಾದರೆ ಎದುರಾಳಿ ನಿಮ್ಮ ಎಡಬದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾಗುತ್ತದೆ.

ಮಕ್ಕಳಿಗೆ ಕಲಿಸುವವರು ಗಮನಿಸಬೇಕಾದ್ದು

ನಮ್ಮಲ್ಲಿ ಎಡಗೈಯಲ್ಲಿ ಬರೆಯುವ, ಉಣ್ಣುವ ಮಗುವನ್ನು ಬಲಗೈಗೆ ತಿದ್ದುವ ಅಭ್ಯಾಸ ಇನ್ನೂ ಹೋಗಿಲ್ಲ. ಹಾಗೆ ತಿದ್ದಿಸಿಕೊಂಡ ಮಗು ಕ್ಲಾಸಿಗೆ ಬಂದು, ಎಲ್ಲರಂತೆ ಎಡಗಾಲು ಮುಂದಿಟ್ಟು ನಿಂತು, ಬಲಗಾಲಿನಲ್ಲಿ ಒದೆಯಲು ಒದ್ದಾಡುತ್ತದೆ. ಅದರ ವೀಕ್ ಸೈಡ್ ಬಲಗಡೆಯೇ ಇರಬಹುದು. ಕೇಳಿದರೆ ಮಗುವಿಗೂ ಗೊತ್ತಿರುವುದಿಲ್ಲ. ಹೇಳದೆ ಕೇಳದೆ ಒಂದು ಚೆಂಡು ಉರುಳಿಸಿ, ಯಾವ ಕಾಲಿನಲ್ಲಿ ಒದೆಯುತ್ತದೆ ನೋಡಿ. ಒಂದು ಚೆಂಡು ಎಸೆದು, ಯಾವ ಕೈಯಲ್ಲಿ ವಾಪಸ್ ಎಸೆಯುತ್ತದೆ ನೋಡಿ. ಎರಡು ಮೂರು ಸಲ ಬೇರೆ ಬೇರೆ ದಿನ ನೋಡಿದರೆ ಅಂದಾಜು ಸಿಗುತ್ತದೆ. ಅಂಥ ಮಗುವಿಗೆ ಸ್ಪಾರಿಂಗಿನಲ್ಲಿ ಬಲಗಾಲು ಮುಂದಿಟ್ಟು ನಿಲ್ಲಲು ಬಿಡಿ. ಕತಾ ಮಾತ್ರ ಎಲ್ಲರಂತೆಯೇ ಇರಲಿ.

ಎಂಟು ವಾರ ಆದ ಮೇಲೆ

ಎರಡು ವಾರಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ಫೋನ್ ಇಟ್ಟು ವಿಡಿಯೋ ತೆಗೆಯುತ್ತಾ ಹೋಗಿ. ಮೊದಲ ಬದಲಾವಣೆ ಕಿಕ್ಕಿನ ಎತ್ತರದಲ್ಲಿ ಕಾಣುವುದಿಲ್ಲ. ಕೈ ಗಾರ್ಡಿನಲ್ಲಿ ಉಳಿಯತೊಡಗುತ್ತದೆ, ಕಾಲು ಸದ್ದಿಲ್ಲದೆ ಇಳಿಯತೊಡಗುತ್ತದೆ. ಬ್ಯಾಲೆನ್ಸ್ ಬಂದಿದೆ ಅನ್ನುವುದಕ್ಕೆ ಗುರುತು ಅದೇ. ಎತ್ತರ ಆಮೇಲೆ ಬರುತ್ತದೆ.

ನಾಲ್ಕು ವಾರವಾದರೂ ಹಿಮ್ಮಡಿ ತಿರುಗುತ್ತಿಲ್ಲ ಅಂದರೆ ಎರಡನೇ ಹೆಜ್ಜೆಗೆ ವಾಪಸ್ ಹೋಗಿ, ಗೋಡೆ ಹಿಡಿದು ಬರೀ ತಿರುವನ್ನೇ ಮಾಡಿ. ಮಂಡಿಯ ಒಳಬದಿಯಲ್ಲಿ ನೋವು, ಊತ, ಮೆಟ್ಟಿಲು ಇಳಿಯುವಾಗ ಚುಚ್ಚಿದ ಹಾಗೆ ಆಗುವುದು, ಇವುಗಳಲ್ಲಿ ಯಾವುದು ಕಂಡರೂ ಒದೆಯುವುದನ್ನು ನಿಲ್ಲಿಸಿ ತೋರಿಸಿಕೊಳ್ಳಿ. ಮರುದಿನದ ಸಾಮಾನ್ಯ ಮೈಕೈ ನೋವಿಗೆ ಹೆದರಬೇಕಾಗಿಲ್ಲ, ಅದು ಎರಡು ಮೂರು ದಿನದಲ್ಲಿ ಹೋಗುತ್ತದೆ.

ಎಲ್ಲ ಸರಿಯಾಗಿ ನಡೆದರೆ ಎಂಟು ವಾರದ ನಂತರ ಎರಡು ಪಾಲು, ಒಂದು ಪಾಲು ಅನ್ನುವ ಲೆಕ್ಕ ಬಿಡಿ. ಎರಡೂ ಕಾಲಿಗೆ ಸಮ ಎಣಿಕೆಗೆ ಬನ್ನಿ. ಎಡಗಾಲು ಮೊದಲು ಅನ್ನುವ ಸರದಿಯನ್ನು ಮಾತ್ರ ಹಾಗೇ ಉಳಿಸಿಕೊಳ್ಳಿ.